ನನ್ನ ಆಪರೇಷನ್ ಮಾಡಿದ ಡಾಕ್ಟರ್ ಸಾಹೇಬರಿಗೆ ಒಂದು ಬಹಿರಂಗ ಪತ್ರ

ಡಾಕ್ಟರ್ ಸಾಹೇಬರೆ,

ಪತ್ರ ಅಂದ ಮೇಲೆ ‘ಇತ್ತ ಕಡೆ ನಾವೆಲ್ಲ ಕ್ಷೇಮ’ ಎಂದು ಶುರು ಮಾಡುವುದು ನಮ್ಮ ಕಡೆಯ ರೂಢಿ. ಆ ಒಂದು ಮಾತನ್ನು ಬರೆಯಲಾರದೆ ಎರಡು ಸಲ ಹಾಳೆ ಹರಿದೆ. ಹಾಗಾಗಿ ಕ್ಷೇಮದ ಮಾತು ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ನಾನು ಕೊತ್ತಪಲ್ಲಿಯವಳು. ಈ ಹೆಸರಿನ ಊರು ನಮ್ಮ ಭಾಗದಲ್ಲಿ ಒಂದಕ್ಕಿಂತ ಹೆಚ್ಚು. ಯಾವುದು ಎಂದು ಬಿಡಿಸಿ ಹೇಳುವುದಿಲ್ಲ. ನಾರಾಯಣಪೇಟೆ, ಮಕ್ತಲ, ಗದ್ವಾಲ ಇವು ನಮ್ಮ ಸಂತೆ, ಕಚೇರಿ, ಬಸ್ಸು. ದೊಡ್ಡ ಕಾಯಿಲೆ ಬಂದರೆ ಕೃಷ್ಣಾ ಹೊಳೆ ದಾಟಿ ರಾಯಚೂರು. ಮನೆಯಲ್ಲಿ ಕನ್ನಡ, ಕಾಗದದಲ್ಲಿ ತೆಲುಗು, ದವಾಖಾನೆಯ ಚೀಟಿಯಲ್ಲಿ ಇಂಗ್ಲಿಷು. ಮೂವತ್ತು ವರ್ಷದಿಂದ ಹೊಲಿಗೆ ಮಿಷಿನ್ನಿನ ಮುಂದೆ ಕೂತವಳು ನಾನು. ಬ್ಲೌಸಿನ ಅಳತೆ ಕೊಡಲು ಬರುವ ಹೆಣ್ಣುಮಕ್ಕಳು ಬಾಗಿಲು ಮುಂದೆ ಮಾಡಿಕೊಂಡು ನಿಂತಾಗ, ತಾಯಿಗೂ ಹೇಳದ ಮಾತು ನನಗೆ ಹೇಳುತ್ತಾರೆ.

ನಿಮ್ಮ ಹೆಸರನ್ನು ಇಲ್ಲಿ ಬರೆದಿಲ್ಲ, ಬೇಕಂತಲೇ ಬರೆದಿಲ್ಲ. 2009ರಲ್ಲಿ, ನನಗೆ 36 ತುಂಬಿದ ವರ್ಷ, ನನ್ನ ಗರ್ಭಚೀಲ ತೆಗೆದವರು ನೀವು. ಆ ವಾರ ನಿಮ್ಮ ಕೈಯಿಂದ ಎಷ್ಟು ಆಪರೇಷನ್ ಆದವೋ, ನನ್ನ ಮುಖ ನಿಮಗೆ ನೆನಪಿರಲಿಕ್ಕಿಲ್ಲ. ಅದಕ್ಕೆ ನನಗೆ ಬೇಸರವಿಲ್ಲ. ಇದನ್ನು ನಾಲ್ಕು ಜನರ ಮುಂದೆ ಬರೆಯುತ್ತಿರುವುದು ಯಾಕೆಂದರೆ, ಈ ಪತ್ರವನ್ನು ಹೊಳೆಯ ಈಚೆಯ ಆಚೆಯ ಯಾವ ಡಾಕ್ಟರು ಓದಿದರೂ ‘ಇದು ನನಗೇ ಬರೆದದ್ದು’ ಅನ್ನಿಸಬೇಕು.

ಮೊದಲು ನ್ಯಾಯದ ಮಾತು. ನನ್ನ ಚೀಲ ತೆಗೆದದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ತಿಂಗಳಿಗೆ ಹದಿನೈದು ದಿನ ರಕ್ತ ಹೋಗುತ್ತಿತ್ತು. ಗಡ್ಡೆಗಳಿದ್ದವು. ರಕ್ತ ಆರು ಗ್ರಾಮಿಗೆ ಇಳಿದಿತ್ತು. ಮಿಷಿನ್ ತುಳಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಎರಡು ಬಾಟಲಿ ರಕ್ತ ಹಾಕಿಸಿ, ಹೊಟ್ಟೆ ಕೊಯ್ದು, ಒಂದು ಹನಿ ಕೀವಾಗದಂತೆ ಹೊಲಿಗೆ ಹಾಕಿ ಕಳಿಸಿದಿರಿ. ಹೊಲಿಯುವವಳ ಕಣ್ಣಿನಿಂದ ಹೇಳುತ್ತೇನೆ, ಚೊಕ್ಕ ಹೊಲಿಗೆ. ಜೀವ ಉಳಿಯಿತು.

ನಾನು ಕೇಳಬೇಕೆಂದಿರುವುದು ಡಿಸ್ಚಾರ್ಜ್ ಕಾರ್ಡಿನ ಬಗ್ಗೆ.

ಆ ಕಾರ್ಡು ಇನ್ನೂ ನನ್ನ ಹತ್ತಿರ ಇದೆ. ತಿಳಿಗೆಂಪು ರಟ್ಟು, ನಡುವೆ ಮಡಿಕೆ, ಮಡಿಕೆಯಲ್ಲಿ ಅಕ್ಷರ ಅಳಿಸಿವೆ. ಕಬ್ಬಿಣದ ಗುಳಿಗೆ ತಿಂಗಳ ಮಟ್ಟಿಗೆ. ನೋವಿನ ಗುಳಿಗೆ ಐದು ದಿನ. ಏಳನೆಯ ದಿನ ಹೊಲಿಗೆ ಬಿಚ್ಚಿಸಲು ಬರಬೇಕು. ಮೂರು ತಿಂಗಳು ಭಾರ ಎತ್ತಬಾರದು. ಇವನ್ನು ನಿಮ್ಮ ಸಿಸ್ಟರಮ್ಮ ತೆಲುಗಿನಲ್ಲಿ ಓದಿ ಹೇಳಿದರು, ನಾನು ಚಾಚೂ ತಪ್ಪದೆ ಮಾಡಿದೆ. ಮೇಲೆ, ಆಪರೇಷನ್ನಿನ ಹೆಸರಿನ ಜಾಗದಲ್ಲಿ, ಇಂಗ್ಲಿಷಿನಲ್ಲಿ ಎರಡು ಪದವಿತ್ತು. ಅದನ್ನು ಯಾರೂ ಓದಿ ಹೇಳಲಿಲ್ಲ. ‘ಟಿಎಎಚ್’, ಪಕ್ಕದಲ್ಲಿ ‘ಬಿಎಸ್‌ಒ’. ಮೊದಲನೆಯದು ಹೊಟ್ಟೆ ಕೊಯ್ದು ಗರ್ಭಚೀಲ ತೆಗೆದದ್ದು. ಎರಡನೆಯ ಮೂರಕ್ಷರದ ಅರ್ಥ ನನಗೆ ತಿಳಿದದ್ದು ಹದಿಮೂರು ವರ್ಷದ ಮೇಲೆ, ಅದೂ ಕೈ ಮುರಿದುಕೊಂಡ ಮೇಲೆ.

ಮನೆಗೆ ಬಂದ ಹದಿನೈದು ದಿನದೊಳಗೆ ಶುರುವಾಯಿತು. ಎದೆಯ ನಡುವಿನಿಂದ ಒಂದು ಝಳ ಎದ್ದು ಕುತ್ತಿಗೆ, ಕಿವಿ, ನೆತ್ತಿಗೆ ಏರುವುದು. ಎರಡು ಮೂರು ನಿಮಿಷದಲ್ಲಿ ಮೈಯೆಲ್ಲ ನೀರು, ಮರುಗಳಿಗೆ ಚಳಿ. ರಾತ್ರಿಗೆ ಐದಾರು ಸಲ. ಪುಷ್ಯ ಮಾಸದ ಚಳಿಯಲ್ಲೂ ಒದ್ದೆ ಕುಪ್ಪಸ ಬದಲಿಸುತ್ತಿದ್ದೆ. ಅತ್ತೆ “ಉಷ್ಣ ಆಗ್ಯಾದ” ಎಂದು ಕಾಮಕಸ್ತೂರಿ ಬೀಜ ನೆನೆಹಾಕಿ ಕುಡಿಸಿದರು. ಊರಿನ ಆರ್‌ಎಂಪಿ ಡಾಕ್ಟರು ಬಿ-ಕಾಂಪ್ಲೆಕ್ಸ್ ಸೂಜಿ ಚುಚ್ಚಿದರು. ನಿದ್ದೆ ಹೋಯಿತು, ನಿದ್ದೆಯ ಜೊತೆ ತಾಳ್ಮೆ ಹೋಯಿತು. ಒಂದು ದಿನ ಗಿರಾಕಿಯ ಗದ್ವಾಲ ಸೀರೆಯ ಬ್ಲೌಸ್ ಪೀಸಿನಲ್ಲಿ ತೋಳಿನ ಅಳತೆಗೆ ಕುತ್ತಿಗೆ ಕತ್ತರಿಸಿಬಿಟ್ಟು, ಅದನ್ನು ಹಿಡಿದುಕೊಂಡು ಸಂಜೆಯವರೆಗೆ ಅತ್ತೆ. ಮನೆಯವರು ಗಾಳಿ ಸೋಕಿರಬೇಕೆಂದು ಮಕ್ತಲದ ಪಡಮಟಿ ಆಂಜನೇಯನಿಗೆ ಹರಕೆ ಹೊತ್ತರು. ಬಳಿಗೆ ಬಂದರೆ ನೋವಾಗುತ್ತಿತ್ತು. ಯಾಕೆಂದು ನನಗೂ ಗೊತ್ತಿರಲಿಲ್ಲ, ಅವರಿಗೆ ಹೇಳುವ ಮಾತೂ ಇರಲಿಲ್ಲ. ಅವರು ಮಾಳಿಗೆಯ ಮೇಲೆ ಮಲಗಲು ಶುರು ಮಾಡಿದರು. ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದದ್ದು ಒಂದೇ: “ಆಪರೇಷನ್ ಆದವರಿಗೆಲ್ಲಾ ಹಿಂಗೇ ಆಗ್ತದ, ತಡಕೋಬೇಕು.”

ತಡೆದುಕೊಂಡೆ. ಏನನ್ನು ತಡೆದುಕೊಳ್ಳುತ್ತಿದ್ದೇನೆ ಎಂದು ತಿಳಿಯದೆ ತಡೆದುಕೊಂಡೆ.

2022ರಲ್ಲಿ ಬಚ್ಚಲಲ್ಲಿ ಜಾರಿ ಬಲಗೈ ಊರಿದೆ. ಬಿದ್ದದ್ದು ಸಣ್ಣದಾಗಿ, ಮಣಿಕಟ್ಟು ಮಾತ್ರ ಎರಡು ಕಡೆ ಮುರಿಯಿತು. ಕತ್ತರಿ ಹಿಡಿಯುವ ಕೈ. ರಾಯಚೂರಿನಲ್ಲಿ ಕಟ್ಟು ಹಾಕಿದವರು “49ಕ್ಕೆ ಇಷ್ಟು ಸುಲಭಕ್ಕ ಎಲುಬು ಮುರೀಬಾರದು” ಎಂದು ಎಲುಬಿನ ಗಟ್ಟಿತನ ನೋಡುವ ಡೆಕ್ಸಾ ಸ್ಕ್ಯಾನ್ ಬರೆದುಕೊಟ್ಟರು. ಎಪ್ಪತ್ತರ ಮುದುಕಿಯ ಎಲುಬು ಬಂತು. ಅದೇ ಊರಿನ ಒಬ್ಬ ಹೆಣ್ಣುಮಕ್ಕಳ ಡಾಕ್ಟರ ಹತ್ತಿರ ಹೋದೆ. ಅವರು ಹಳೆಯ ಕಾಗದ ಕೇಳಿದರು. ತಿಳಿಗೆಂಪು ಕಾರ್ಡು ಕೊಟ್ಟೆ. ಅವರ ಬೆರಳು ಆ ಮೂರಕ್ಷರದ ಮೇಲೆ ನಿಂತಿತು.

“ಅಕ್ಕಾ, ಇವರು ನಿಮ್ಮ ಎರಡೂ ಅಂಡಾಶಯ ತೆಗೆದಾರ. ನಿಮಗ ಹೇಳಿದ್ರೇನು?”

ಅಂಡಾಶಯ ಎಂಬ ಮಾತನ್ನೇ ನಾನು ಆ ದಿನ ಮೊದಲು ನನ್ನ ಮೈಗೆ ಸಂಬಂಧಪಟ್ಟದ್ದಾಗಿ ಕೇಳಿದ್ದು. ಚೀಲ ಅಂದರೆ ಕೂಸು ಇರುವ ಚೀಲ, ಅದೊಂದೇ ತೆಗೆದಿದ್ದಾರೆ ಅಂದುಕೊಂಡಿದ್ದೆ. ಮುಟ್ಟು ತರುವುದು, ಈಸ್ಟ್ರೋಜನ್ ಎಂಬ ಹಾರ್ಮೋನು ಮಾಡುವುದು, ಎಲುಬಿಗೆ, ಹೃದಯಕ್ಕೆ, ನಿದ್ದೆಗೆ, ಮೂತ್ರದ ದಾರಿಯ ತೇವಕ್ಕೆ ಕಾವಲಿರುವುದು ಅದರ ಎರಡು ಪಕ್ಕದ ಬಾದಾಮಿಯಷ್ಟು ಗಾತ್ರದ ಅಂಡಾಶಯಗಳು ಎಂದು ಅವರು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಹದಿಮೂರು ವರ್ಷ ನನಗೆ ಬಂದದ್ದು ಗಾಳಿಯಲ್ಲ, ಉಷ್ಣವಲ್ಲ. 36ನೆಯ ವಯಸ್ಸಿನ ಒಂದು ಬೆಳಗ್ಗೆ ನನ್ನ ಮುಟ್ಟು ನಿಂತಿತ್ತು, ಅಷ್ಟೆ. ಪತ್ರಿಕೆಗಳಲ್ಲಿ ‘ಋತುಬಂಧ’ ಎಂದು ಬರೆಯುತ್ತಾರೆ. ಅದು 45 ದಾಟಿದವರ ಮಾತು ಎಂದು ನಾನು ಪುಟ ತಿರುವುತ್ತಿದ್ದೆ.

ನಮ್ಮ ಕೃಷ್ಣೆಯನ್ನು ನೀವೂ ನೋಡಿರುತ್ತೀರಿ. ಸಂಕ್ರಾಂತಿ ಕಳೆದ ಮೇಲೆ ದಿನಕ್ಕಿಷ್ಟು ಹಿಂದೆ ಸರಿಯುತ್ತಾಳೆ. ಮೊದಲು ಒಂದು ಬಂಡೆ ಕಾಣುತ್ತದೆ, ವಾರಕ್ಕೆ ಇನ್ನೊಂದು, ಯುಗಾದಿ ಹೊತ್ತಿಗೆ ನಡುಹೊಳೆಯಲ್ಲಿ ದಾರಿ ಬೀಳುತ್ತದೆ. ದಂಡೆಯವರು ಅಷ್ಟರಲ್ಲಿ ವರತೆ ತೋಡಿಕೊಂಡಿರುತ್ತಾರೆ. ತಾನಾಗಿ ಮುಟ್ಟು ನಿಲ್ಲುವುದು ಹೀಗೆ, ನಾಲ್ಕೈದು ವರ್ಷ ಹಿಡಿಯುತ್ತದೆ. ಅಂಡಾಶಯ ತೆಗೆದವಳಿಗೆ ಹಾಗಲ್ಲ. ಜುರಾಲ ಅಣೆಕಟ್ಟಿನ ಗೇಟು ಇಳಿಸಿದಂತೆ. ರಾತ್ರಿ ಹರಿಯುತ್ತಿದ್ದ ನೀರು ಬೆಳಗ್ಗೆ ಇಲ್ಲ. ಝಳ ಅವಳಿಗೆ ಹೆಚ್ಚು, ಎಲುಬು ಸವೆಯುವುದು ಬೇಗ. 45ರ ಒಳಗೆ ಎರಡೂ ಅಂಡಾಶಯ ಕಳೆದುಕೊಂಡು ಹಾರ್ಮೋನೂ ಸಿಗದಿದ್ದರೆ ಹೃದಯದ ಕಾಯಿಲೆಯ ಭಯವೂ ಹೆಚ್ಚು. ಆದ್ದರಿಂದಲೇ, ಬೇರೆ ಅಡ್ಡಿಯಿಲ್ಲದಿದ್ದರೆ ಇಂಥವರಿಗೆ ಕನಿಷ್ಠ ತಾನಾಗಿ ಮುಟ್ಟು ನಿಲ್ಲುವ ವಯಸ್ಸಿನ ತನಕ ಹಾರ್ಮೋನು ಕೊಡಬೇಕು ಎಂಬುದು ಜಗತ್ತಿನ ಮುಟ್ಟುನಿಲುಗಡೆ ತಜ್ಞರೆಲ್ಲ ಒಪ್ಪಿದ ಮಾತು. ನಮ್ಮ ದೇಶದಲ್ಲಿ ಆ ವಯಸ್ಸು ಸರಾಸರಿ 46–47, ಪಶ್ಚಿಮದ ದೇಶಗಳಲ್ಲಿ 51. ಅಂದರೆ ನನಗೆ ಕಡಿಮೆಯೆಂದರೂ ಹತ್ತು ವರ್ಷ ಸಿಗಬೇಕಾಗಿದ್ದ ಔಷಧ ಅದು.

“ನಿಮಗ ಚೀಲ ಇಲ್ಲಲ್ಲ, ಹಂಗಾಗಿ ಈಸ್ಟ್ರೋಜನ್ ಒಂದೇ ಸಾಕಾಗ್ತಿತ್ತು,” ಎಂದರು ಆ ಡಾಕ್ಟರು. ಆ ‘ಸಾಕಾಗ್ತಿತ್ತು’ ಎಂಬ ಭೂತಕಾಲ ನನ್ನನ್ನು ಇನ್ನೂ ಬಿಟ್ಟಿಲ್ಲ. ಮುಟ್ಟು ನಿಂತು ಹತ್ತು ವರ್ಷದೊಳಗೆ, 60ರ ಒಳಗೆ ಶುರು ಮಾಡಿದರೆ ಲಾಭ ಹೆಚ್ಚು, ಅಪಾಯ ಕಡಿಮೆ. ನನಗೆ ಹದಿಮೂರು ಕಳೆದಿತ್ತು, ಬಿಪಿ ಬಂದಿತ್ತು. ಹಿಂದೆ ಮುಂದೆ ನೋಡಿ, ನನ್ನನ್ನೂ ಕೇಳಿ, ಅವರು ಬೇರೆ ದಾರಿ ಹಿಡಿದರು. ಎಲುಬಿಗೆ ವಾರಕ್ಕೊಂದು ಗುಳಿಗೆ. ಅದನ್ನು ಬರಿಹೊಟ್ಟೆಯಲ್ಲಿ ನುಂಗಿ ಅರ್ಧ ತಾಸು ಮಲಗದೆ ನೆಟ್ಟಗೆ ಕೂರಬೇಕು. ಕ್ಯಾಲ್ಸಿಯಂ, ವಿಟಮಿನ್ ಡಿ. ಕೆಳಗಿನ ಒಣಗುವಿಕೆಗೆ, ಪದೇ ಪದೇ ಬರುತ್ತಿದ್ದ ಉರಿಮೂತ್ರಕ್ಕೆ, ಹಚ್ಚಿಕೊಳ್ಳುವ ಈಸ್ಟ್ರೋಜನ್ ಮುಲಾಮು. ಅದು ಹಚ್ಚಿದಲ್ಲೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಎರಡು ವಾರ ದಿನಾಲು, ಆಮೇಲೆ ವಾರಕ್ಕೆರಡು ಸಲ. ಎರಡು ತಿಂಗಳಲ್ಲಿ ಉರಿ ನಿಂತಿತು. ಹದಿಮೂರು ವರ್ಷ ಪ್ರತಿ ಮಳೆಗಾಲ ಆಂಟಿಬಯಾಟಿಕ್ ನುಂಗಿದ್ದೆ, ಸಾಹೇಬರೆ.

ನಿಮ್ಮ ಕಡೆಯಿಂದ ಬರಬಹುದಾದ ಉತ್ತರ ನನಗೆ ಗೊತ್ತು, ಬೇರೆಯವರು ಕೊಟ್ಟದ್ದನ್ನು ಕೇಳಿದ್ದೇನೆ: “ಹಾರ್ಮೋನ್ ಕೊಟ್ಟರೆ ಕ್ಯಾನ್ಸರ್ ಬರುತ್ತದೆ.” ಅಂಜಿಕೆ ಎಲ್ಲಿಂದ ಹುಟ್ಟಿತೆಂದು ರಾಯಚೂರಿನ ಡಾಕ್ಟರು ಬಿಡಿಸಿ ಹೇಳಿದರು. 2002ರ ಜುಲೈನಲ್ಲಿ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಎಂಬ ದೊಡ್ಡ ಅಧ್ಯಯನದ ಒಂದು ಭಾಗವನ್ನು ನಡುವೆಯೇ ನಿಲ್ಲಿಸಿದರು. ಎರಡು ಹಾರ್ಮೋನು ಸೇರಿಸಿ ತೆಗೆದುಕೊಂಡವರಲ್ಲಿ ವರ್ಷಕ್ಕೆ 10,000 ಹೆಂಗಸರಿಗೆ 8 ಸ್ತನ ಕ್ಯಾನ್ಸರ್ ಹೆಚ್ಚು ಕಂಡವು. ಆ ಹೆಂಗಸರ ಸರಾಸರಿ ವಯಸ್ಸು 63. ಗರ್ಭಕೋಶ ಇಲ್ಲದೆ ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡವರ ಭಾಗ 2004ರಲ್ಲಿ ಮುಗಿಯಿತು. ಅದರಲ್ಲಿ ಪಾರ್ಶ್ವವಾಯು ಸ್ವಲ್ಪ ಹೆಚ್ಚಿತು, ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. 63ರ ಅಮೆರಿಕದ ಹೆಂಗಸಿನ ಲೆಕ್ಕವನ್ನು 36ರ, ಗರ್ಭಕೋಶವೂ ಅಂಡಾಶಯವೂ ಇಲ್ಲದ ನನಗೆ ಹಚ್ಚಿ ಬಾಯಿ ಮುಚ್ಚಿಕೊಂಡರೆ ಅದು ಎಚ್ಚರಿಕೆ ಆಗುವುದಿಲ್ಲ. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ ಈ ಔಷಧಗಳ ಮಾಹಿತಿ ಚೀಟಿಯ ಮೇಲಿನ ಕರಿ ಚೌಕಟ್ಟಿನ ಎಚ್ಚರಿಕೆಯ ಬಹುಭಾಗ ತೆಗೆಯಲು ಹೇಳಿತು. ಉಳಿಸಿಕೊಂಡ ಒಂದು ಮಾತು ಸರಿಯಾದದ್ದೇ: ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ನುಂಗಿದರೆ ಅದರ ಒಳಪದರ ದಪ್ಪವಾಗಿ ಕ್ಯಾನ್ಸರಿಗೆ ತಿರುಗಬಹುದು. ಅಂಥವರಿಗೆ ಜೊತೆಯಲ್ಲಿ ಪ್ರೊಜೆಸ್ಟರಾನ್ ಬೇಕೇ ಬೇಕು. ಆ ಕ್ಯಾನ್ಸರಿನ ಅಪಾಯ 1975ರಿಂದ ಗೊತ್ತಿರುವ ಸಂಗತಿ.

ಎಲ್ಲರಿಗೂ ಹಾರ್ಮೋನು ಕೊಡಿ ಎಂದು ನಾನು ಕೇಳುತ್ತಿಲ್ಲ. ಸ್ತನ ಕ್ಯಾನ್ಸರ್ ಆದವರಿದ್ದಾರೆ, ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದವರಿದ್ದಾರೆ, ಪಾರ್ಶ್ವವಾಯು ಹೊಡೆದವರು, ಲಿವರ್ ಕೆಟ್ಟವರು ಇದ್ದಾರೆ. ಅವರಿಗೆ ಝಳ ತಗ್ಗಿಸಲು ಹಾರ್ಮೋನಲ್ಲದ ಗುಳಿಗೆಗಳೂ ಇವೆ. ನನ್ನ ಗಿರಾಕಿಯೊಬ್ಬಳು ಮುಟ್ಟು ನಿಂತು ಎರಡು ವರ್ಷದ ಮೇಲೆ ಮತ್ತೆ ಕೆಂಪು ಕಂಡು “ಯಕ್ಕಾ, ಇನ್ನಾ ಹರೇ ಉಳದಾದ ನೋಡು” ಎಂದು ಖುಷಿಯಿಂದ ಹೇಳಿದಳು. ಟೇಪು ಕೆಳಗಿಟ್ಟು ಅದೇ ದಿನ ಅವಳನ್ನು ಬಸ್ಸು ಹತ್ತಿಸಿದೆ. ಒಂದು ವರ್ಷ ನಿಂತ ಮೇಲೆ ಹನಿ ರಕ್ತ ಕಂಡರೂ ತೋರಿಸಲೇಬೇಕು. ಇಂಥ ಮಾತು ನಮಗೆ ದರ್ಜಿಯ ಮನೆಯಲ್ಲಿ ಸಿಗುವ ಬದಲು ದವಾಖಾನೆಯಲ್ಲಿ ಸಿಗಬೇಕು.

ನನ್ನೊಬ್ಬಳ ಕಥೆಯಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅಳತೆ ತೆಗೆಯುವಾಗ ಸೀರೆ ಸರಿದು ಹೊಟ್ಟೆಯ ಗೆರೆ ಕಾಣುತ್ತದೆ. ಮೂವತ್ತೆರಡರವಳು, ಮೂವತ್ತೈದರವಳು, ನಲವತ್ತರವಳು. ಇಪ್ಪತ್ತೆರಡಕ್ಕೆ ಮಕ್ಕಳ ಆಪರೇಷನ್, ಮೂವತ್ತಕ್ಕೆ ಬಿಳುಪು, ಸೊಂಟನೋವು. “ಮಕ್ಕಳಾಗ್ಯಾವ, ಇನ್ನ ಚೀಲದ್ದೇನು ಕೆಲಸ ಅದ? ಇಟ್ಟರ ಕ್ಯಾನ್ಸರ್ ಆಗ್ತದ.” ಆಮೇಲೆ ದೊಡ್ಡ ಆಪರೇಷನ್. ಅವರು ನನಗೆ ಹೇಳುವ ಹೊಲಿಗೆಯೂ ಬದಲಾಗುತ್ತದೆ: “ಅಕ್ಕಾ, ಲೈನಿಂಗ್ ಬ್ಯಾಡ. ಕಾಟನ್ನೇ ಇರ್ಲಿ. ಕುತ್ತಿಗಿ ಅಗಲ ಇಡು, ಮೈ ಕುದೀತದ.” ಮೂವತ್ತೈದರ ಹೆಣ್ಣು ಲೈನಿಂಗ್ ಬೇಡ ಎಂದರೆ ಈಗ ನಾನು ಕಾರ್ಡು ತರಲು ಹೇಳುತ್ತೇನೆ.

ಸರಕಾರದ ಲೆಕ್ಕವೂ ಇದನ್ನೇ ಹೇಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಗರ್ಭಕೋಶ ತೆಗೆಸಿಕೊಂಡವರು ದೇಶದಲ್ಲಿ ನೂರಕ್ಕೆ ಸುಮಾರು 3, ತೆಲಂಗಾಣದಲ್ಲಿ ಸುಮಾರು 8, ಆಂಧ್ರದಲ್ಲಿ ಇನ್ನೂ ಒಂದಿಷ್ಟು ಹೆಚ್ಚು. ಮೂರರಲ್ಲಿ ಎರಡು ಪಾಲು ಖಾಸಗಿ ದವಾಖಾನೆಗಳಲ್ಲಿ. ಗಡಿಯ ಆಚೆ ಕಲಬುರಗಿ ಸುತ್ತಿನ ತಾಂಡಾಗಳ ಹೆಣ್ಣುಮಕ್ಕಳು ತಮ್ಮ ಗರ್ಭಚೀಲದ ಲೆಕ್ಕ ಕೇಳಿ ಬೀದಿಗೆ ಬಂದಿದ್ದರು. ಡಾಕ್ಟರ್ ನರೇಂದ್ರ ಗುಪ್ತಾ ಹಾಕಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2023ರ ಏಪ್ರಿಲ್ 5ರಂದು, ಬೇಡದ ಗರ್ಭಕೋಶದ ಆಪರೇಷನ್ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾಡಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಒಪ್ಪಿಕೊಳ್ಳಬೇಕೆಂದು ಹೇಳಿತು. ತೆಗೆಯುವುದರ ಬಗ್ಗೆ ಇಷ್ಟು ಮಾತಾಯಿತು, ಒಳ್ಳೆಯದಾಯಿತು. ತೆಗೆದಾಗಿರುವ ಲಕ್ಷಾಂತರ ಹೆಣ್ಣುಮಕ್ಕಳ ಮುಂದಿನ ಬದುಕಿನ ಬಗ್ಗೆ ಮಾತು ಎಲ್ಲಿದೆ?

ಅದಕ್ಕೂ ಒಂದು ದಾರಿ ತೆರೆದಿತ್ತು. 2023ರ ಮಾರ್ಚ್ 8ರಂದು ತೆಲಂಗಾಣ ಸರಕಾರ ‘ಆರೋಗ್ಯ ಮಹಿಳಾ’ ಎಂಬ ಯೋಜನೆ ಶುರು ಮಾಡಿದಾಗ, ಮಂಗಳವಾರದ ಹೆಣ್ಣುಮಕ್ಕಳ ಕ್ಲಿನಿಕ್ಕಿನಲ್ಲಿ ನೋಡುವ ಎಂಟು ಬಗೆಯ ತೊಂದರೆಗಳ ಪಟ್ಟಿಯಲ್ಲಿ ಮುಟ್ಟು ನಿಲ್ಲುವುದೂ ಇತ್ತು. ಬೇಕಾದವರಿಗೆ ಹಾರ್ಮೋನ್ ಚಿಕಿತ್ಸೆ ಎಂದೂ ಹೇಳಿದ್ದರು. ಅಂದರೆ ಇದು ಪಟ್ಟಣದ ಶ್ರೀಮಂತರ ಔಷಧವಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲಲ್ಲಿ ಕೇಳಬಹುದಾದದ್ದು ಎಂದು ಸರಕಾರವೇ ಒಪ್ಪಿದ ಹಾಗಾಯಿತು. ಕೇಳಲು ಅದರ ಹೆಸರು ಗೊತ್ತಿರಬೇಕಲ್ಲ. ಹೆಸರು ಹೇಳಬೇಕಾದವರು ನೀವು.

ಹೇಳಿದರೆ ಏನಾಗುತ್ತದೆ ಎಂಬುದನ್ನೂ ನನ್ನ ಮನೆಯಲ್ಲೇ ನೋಡಿದೆ. ನನ್ನ ಚಿಕ್ಕಮ್ಮನ ಮಗಳಿಗೆ 2023ರಲ್ಲಿ, 39ನೆಯ ವಯಸ್ಸಿಗೆ, ಎರಡೂ ಅಂಡಾಶಯ ತೆಗೆಯಬೇಕಾಯಿತು. ಚಾಕೊಲೇಟ್ ಬಣ್ಣದ ರಕ್ತ ತುಂಬಿದ ಗಂಟುಗಳಾಗಿದ್ದವು, ಕರುಳಿಗೆ ಅಂಟಿದ್ದವು. ಆಪರೇಷನ್ನಿಗೆ ಮೊದಲೇ ಅವಳ ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹದಿನೈದು ನಿಮಿಷ ಮಾತಾಡಿದರು. ಗುಳಿಗೆ ಇದೆ, ಚರ್ಮಕ್ಕೆ ಅಂಟಿಸುವ ಪಟ್ಟಿ ಇದೆ, ಹಚ್ಚುವ ಜೆಲ್ ಇದೆ. ಚರ್ಮದ ಮೂಲಕ ಹೋಗುವುದರಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಗುಳಿಗೆಗಿಂತ ಕಡಿಮೆ, ನಿನ್ನ ತೂಕಕ್ಕೆ ಜೆಲ್ ಒಳ್ಳೆಯದು, ನಿನ್ನ ಕಾಯಿಲೆ ಅಲ್ಲಲ್ಲಿ ಉಳಿದಿರಬಹುದಾದ್ದರಿಂದ ಜೊತೆಗೆ ಪ್ರೊಜೆಸ್ಟರಾನ್ ಕೂಡ ಇರಲಿ ಎಂದರು. ದಿನಾ ಸಂಜೆ ಅವಳು ದನ ಕಟ್ಟಿ, ಕೈಕಾಲು ತೊಳೆದು, ಟ್ಯೂಬಿನಿಂದ ಅಳತೆಪಟ್ಟಿಯ ಗೀಟಿನವರೆಗೆ ಹಿಂಡಿ, ಭುಜದಿಂದ ಮೊಣಕೈವರೆಗೆ ತೆಳುವಾಗಿ ಸವರುತ್ತಾಳೆ. ಆರುವ ತನಕ ಮೊಮ್ಮಗನನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಕೈಯಗಲಿಸಿ ಕಟ್ಟೆಯ ಮೇಲೆ ಕೂತಿರುತ್ತಾಳೆ. ಆ ಐದು ನಿಮಿಷ ಓಣಿಯವರ ಜೊತೆ ಹರಟೆ. ರಾತ್ರಿ ಮಲಗಿದರೆ ಬೆಳಗಿನ ಬಸ್ಸಿನ ಹಾರ್ನಿಗೆ ಏಳುತ್ತಾಳೆ.

ಅವಳನ್ನು ನೋಡಿ ಹೊಟ್ಟೆಕಿಚ್ಚು ಪಡುವುದಿಲ್ಲ. ಆದರೆ ಮಾಳಿಗೆಯ ಮೆಟ್ಟಿಲು ನೋಡಿದಾಗ ಮನಸ್ಸಿಗೆ ಕಷ್ಟವಾಗುತ್ತದೆ. ನಮ್ಮ ಮನೆಯವರು ತೀರಿಕೊಂಡು ಈಗ ಕೆಲವು ವರ್ಷ. ನನಗೆ ಏನಾಗಿತ್ತೆಂದು ತಿಳಿದ ಮೇಲೆ ಅವರಿಗೆ ಹೇಳಲು ಸಿಕ್ಕದ್ದು ಒಂದು ಚಳಿಗಾಲ. ಎಲ್ಲ ಕೇಳಿ ಅವರು “ನನ್ನ ಮ್ಯಾಲ ಸಿಟ್ಟಿದ್ದಿ ಅಂತ ತಿಳಕೊಂಡಿದ್ದೆ” ಎಂದರು.

ಸಾಹೇಬರೆ, ನನಗೆ ಪರಿಹಾರ ಬೇಡ, ಕೇಸು ಹಾಕುವ ಮನಸ್ಸಿಲ್ಲ. ಅಂಡಾಶಯ ಯಾಕೆ ತೆಗೆದಿರಿ ಎಂದು ಕೇಳುವ ಆಸೆಯಿದೆ; ಕಾರ್ಡಿನಲ್ಲಿ ಕಾರಣವಿಲ್ಲ. ನೆನಪಿದ್ದರೆ ಹೇಳಿ, ಇಲ್ಲದಿದ್ದರೆ ಇಲ್ಲ. ನಾನು ಬೇಡುವುದು ಇನ್ನು ಮುಂದಿನವರಿಗೆ. ‘ಭಾರ ಎತ್ತಬಾರದು’ ಎಂಬ ಸಾಲಿನ ಕೆಳಗೆ ಒಂದಿಷ್ಟು ಜಾಗ ಖಾಲಿ ಇರುತ್ತದೆ. ನನ್ನ ಕಾರ್ಡಿನಲ್ಲೂ ಇದೆ, ಸ್ಕೇಲಿನಿಂದ ಅಳೆದು ನೋಡಿದ್ದೇನೆ, ಎರಡು ಇಂಚು.

ಆ ಅಳತೆಗೆ ಕನ್ನಡ, ತೆಲುಗು ಎರಡರಲ್ಲೂ ಒಂದು ರಬ್ಬರ್ ಸ್ಟಾಂಪು ಮಾಡಿಸಿದ್ದೇನೆ. ರಾಯಚೂರಿನ ಡಾಕ್ಟರಿಗೆ ತೋರಿಸಿ ಮಾತು ತಿದ್ದಿಸಿದ್ದೇನೆ. ಅದರಲ್ಲಿರುವುದು ಇಷ್ಟು: ‘ನಿಮ್ಮ ಎರಡೂ ಅಂಡಾಶಯ ತೆಗೆಯಲಾಗಿದೆ. ಇಂದಿನಿಂದ ಮುಟ್ಟು ನಿಂತಿದೆ. ಮೈ ಝಳ, ನಿದ್ದೆ, ಎಲುಬು ಇವಕ್ಕೆ ಔಷಧ ಉಂಟು. ಹಾರ್ಮೋನ್ ಬೇಕೇ ಎಂದು ಕೇಳಲು ಒಂದು ತಿಂಗಳೊಳಗೆ ಬನ್ನಿ.’

ಅದು ನನ್ನ ಮಿಷಿನ್ನಿನ ಖಾನೆಯಲ್ಲಿ ದಾರದ ಉಂಡೆಗಳ ಪಕ್ಕದಲ್ಲಿದೆ. ಯಾರ ಕೈಲಾದರೂ ಹೇಳಿ ಕಳಿಸಿ, ನಾನೇ ಬಸ್ಸು ಹತ್ತಿ ಬಂದು ಕೊಟ್ಟುಹೋಗುತ್ತೇನೆ.

ಇಂತಿ,
ಕೊತ್ತಪಲ್ಲಿಯ ಹೊಲಿಗೆಯ ಅಕ್ಕ